ನನ್ನನ್ನು ಒಲೆಯ ಮುಂದೆ ನಿಲ್ಲಿಸಿದ ಚೀಸು

ರವಿವಾರ ಪೇಠೆ, ಪುಣೆ
೯ ಡಿಸೆಂಬರ್ ೧೯೯೮

ಚಿ. ಸೌ. ಶಿವಬಸವ್ವನಿಗೆ ನಿನ್ನ ಅಕ್ಕ ಕಾಶವ್ವನ ಆಶೀರ್ವಾದ. ತಂಗಿಗೆ ಬರೆಯುವಾಗ ಹೀಗೆ ಬರೆಯಬೇಕು, ಬರೆದಿದ್ದೇನೆ. ಅದಕ್ಕಿಂತ ಹೆಚ್ಚಿನ ಅರ್ಥ ಹುಡುಕಬೇಡ.

ನಾನು ಯಾರು ಎಂಬುದು ನಿನಗೆ ಮರೆತಂತೆ ಕಾಣುತ್ತದೆ, ಆದ್ದರಿಂದ ಅಲ್ಲಿಂದಲೇ ಶುರು ಮಾಡುತ್ತೇನೆ. ನಾನು ಬೆಲ್ಲದ ವ್ಯಾಪಾರಿ ದಿವಂಗತ ನಿಜಲಿಂಗಪ್ಪನವರ ಹೆಂಡತಿ. ವಿಜಾಪುರದಲ್ಲಿ ಮ್ಯಾಟ್ರಿಕ್ ಮುಗಿಸಿ ಈ ಊರಿಗೆ ಸೊಸೆಯಾಗಿ ಬಂದವಳು. ಅವರು ಹೋದ ಮೇಲೆ ಅಂಗಡಿಯ ಬಾಗಿಲು ಮುಚ್ಚದಂತೆ ನೋಡಿಕೊಂಡವಳು. ಈ ಮನೆಯಲ್ಲಿ ಯಾರಿಗೆ ಹೆಣ್ಣು ಕೊಡಬೇಕು, ಯಾರ ಮನೆಯಿಂದ ತರಬೇಕು, ಯಾರು ಹೊಸ್ತಿಲು ದಾಟಬೇಕು ಎಂದು ಹೇಳುವವಳು ನಾನು. ನಮ್ಮ ಜನರಲ್ಲಿ ಎರಡು ಮನೆಗಳ ನಡುವೆ ಮಾತು ಕೆಟ್ಟರೆ ಮೊದಲು ಬರುವುದು ನನ್ನ ಹತ್ತಿರ. ಹೋದ ರವಿವಾರ ಸಂಜೆಯವರೆಗೆ ಇದು ಹೀಗೇ ಇತ್ತು.

ಫೋನು ಮಾಡಬಹುದಿತ್ತು. ಫೋನಿನಲ್ಲಿ ನೀನು ಅಳುತ್ತೀ. ನೀನು ಅತ್ತರೆ ನಾನು ಹೇಳಬೇಕಾದದ್ದನ್ನು ಅರ್ಧಕ್ಕೆ ನಿಲ್ಲಿಸುತ್ತೇನೆ. ಚಿಕ್ಕಂದಿನಿಂದ ಅದೊಂದನ್ನು ನೀನು ಚೆನ್ನಾಗಿ ತಿಳಿದುಕೊಂಡಿದ್ದೀ. ಅದಕ್ಕೇ ಕಾಗದ.

ಶನಿವಾರ ನೀನು ದೇಹೂ ರೋಡಿನಿಂದ ಬಂದಾಗ ಚೀಲದಲ್ಲಿ ಚೀಸಿನ ಡಬ್ಬಿಗಳಿದ್ದವು. ನಿನ್ನ ಯಜಮಾನರು ಮಿಲಿಟರಿ ಡಿಪೋದಲ್ಲಿ ಕಾರಕೂನರು, ಕ್ಯಾಂಟೀನಿನಿಂದ ತಂದದ್ದು ಎಂದು ನೀನು ಹೇಳಿದೆ. ತನ್ನ ವ್ಯಾಪಾರದ ಕೆಲಸಕ್ಕೆ ಸೊಲ್ಲಾಪುರದಿಂದ ದೊಡ್ಡ ಡೀಲರುಗಳು ಬರುತ್ತಾರೆ, ಹೆಂಡಿರನ್ನೂ ಕರೆದುಕೊಂಡು ಬರುತ್ತಾರೆ ಎಂದು ನನ್ನ ಮಗ ಬಾಳು ಮೊದಲೇ ಹೇಳಿದ್ದ. ನಾನು ಶಿರಾ, ಭಜಿ ಮಾಡೋಣ ಎಂದಿದ್ದೆ. ನೀನು ನಕ್ಕೆ. "ಅಕ್ಕಾ, ಶಿರಾ ಅವರ ಮನಿಯಾಗ ಇರಂಗಿಲ್ಲೇನು? ನಮ್ಮ ಕಡೆ ಸಾಹೇಬರ ಹೆಂಡ್ರು ಪಾರ್ಟಿಗೆ ಬಿಸಿ ಚೀಸ್ ಮಾಡ್ತಾರ, ಸುತ್ತ ಹುರದ ಬ್ರೆಡ್ ಇಡ್ತಾರ. ತಿಂದಾವ್ರು ವರ್ಷಗಟ್ಲೆ ನೆನಸ್ತಾರ" ಎಂದೆ. ಅದರಲ್ಲಿ ಹಾಲು ಬಿಟ್ಟು ಬೇರೆ ಏನೂ ಇಲ್ಲವಷ್ಟೇ ಎಂದು ಕೇಳಿದೆ. ನೀನು ನಿನ್ನ ಕೊರಳ ಲಿಂಗ ಮುಟ್ಟಿ ಇಲ್ಲ ಎಂದೆ. ಆ ಮಾತು ನಿಜವೇ ಇತ್ತು. ಅದನ್ನು ಒಪ್ಪುತ್ತೇನೆ.

ಆಮೇಲೆ ನೀನು ಹೇಳಿದ್ದನ್ನು ನೆನಪು ಮಾಡಿಕೋ. ಬೆಣ್ಣೆ ಕರಗಿಸಿ ಮೈದಾ ಬಣ್ಣ ತಿರುಗದಂತೆ ಹುರಿಯಬೇಕು, ಹಾಲು ಸ್ವಲ್ಪ ಸ್ವಲ್ಪವೇ ಬಿಡಬೇಕು, ತುರಿದ ಚೀಸು, ಕರಿಮೆಣಸಿನ ಪುಡಿ, ಸಣ್ಣಗೆ ಹೆಚ್ಚಿದ ಹಸಿಮೆಣಸು. ಇಲ್ಲಿಯವರೆಗೆ ಯಾರಾದರೂ ಮಾಡಬಹುದು. "ಆದ್ರ ಅಕ್ಕಾ, ಆಮ್ಯಾಲಿಂದಾ ಕಠಿಣ. ಸಣ್ಣ ಉರಿ ಮ್ಯಾಲ ತಿರುವ್ತಾನ ಇರಬೇಕು. ಒಂದು ಗಳಿಗಿ ಬಿಟ್ಟು ಹೊರಗ ಹೋದ್ರ ಒಡದು ಗಂಟಾಗ್ತದ, ಬಂದವ್ರ ಮುಂದ ಬಾಳೂನ ಮಾನ ಹೋಗ್ತದ. ಮಾಯಾನ ಕೈಲೆ ಇದು ಆಗೂದಲ್ಲ. ನಿನ್ನ ಕೈನ ಬೇಕು" ಎಂದೆ.

ನನ್ನ ಕೈಯೇ ಬೇಕು ಎಂದಾಗ ನನಗೆ ಹಿಗ್ಗಾಯಿತು. ಸೊಸೆ ಮಾಯಾ ಕೇಳುತ್ತಿದ್ದಳು ಎಂದು ಇನ್ನಷ್ಟು ಹಿಗ್ಗಾಯಿತು.

ರವಿವಾರ ಸಂಜೆ ಸೆರಗು ಸಿಕ್ಕಿಸಿ ನಿಂತೆ. ಒಂದು ಉರಿಯ ಮೇಲೆ ಪಾತೇಲಿ, ಇನ್ನೊಂದರ ಮೇಲೆ ತವಾ. ಎಡಗೈಯಲ್ಲಿ ಬ್ರೆಡ್ಡು ಮಗುಚುತ್ತ ಬಲಗೈಯಲ್ಲಿ ಚೀಸು ತಿರುಗಿಸುತ್ತ ಇದ್ದೆ. ಹೊಗೆ ಹೊರಗೆ ಹಾಕುವ ಫ್ಯಾನಿನ ಗದ್ದಲದಲ್ಲಿ ಪಡಸಾಲೆಯ ಮಾತು ಕೇಳುತ್ತಿರಲಿಲ್ಲ. ಕನ್ನಡದ ದನಿಗಳು ಕಿವಿಗೆ ಬಿದ್ದಾಗ ಮಾಯಾಳನ್ನು ಕೇಳಿದೆ. "ಪಾವಣೇರು ಸೊಲ್ಲಾಪುರದಾವ್ರಲ್ಲೇನ್ರಿ ಅತ್ತಿ, ಅವ್ರಿಗೆ ಕನ್ನಡ ಬರ್ತದ" ಎಂದು ತಟ್ಟೆ ಎತ್ತಿಕೊಂಡು ಹೋದಳು. ಖಾಲಿ ತಟ್ಟೆಗಳು ಬರುತ್ತಿದ್ದವು, ತುಂಬಿ ಕಳಿಸುತ್ತಿದ್ದೆ.

ನಡುವೆ ಒಬ್ಬ ಹುಡುಗ ಅಡಿಗೆಮನೆಗೆ ಬಂದ. ಬಾಳುವಿನ ಕಡೆಯ ಯಾರೋ ಎಂದುಕೊಂಡೆ. "ಅಜ್ಜೀ, ನಾ ತಿರುವ್ಲ್ಯಾ? ನೀವು ಬ್ರೆಡ್ ನೋಡ್ಕೊಳ್ರಿ" ಎಂದ. ಕೈ ತೊಳೆದಿದ್ದೀಯಾ ಎಂದೆ. ಎರಡೂ ಅಂಗೈ ಬಿಚ್ಚಿ ತೋರಿಸಿದ. ಯಾರ ಪೈಕಿ ಎಂದು ಕೇಳಿದರೆ, "ಅದನ್ನ ಆಮ್ಯಾಲೆ ಹೇಳ್ತೀನ್ರಿ, ಮೊದ್ಲ ಇದು ತಳಾ ಹತ್ತೀತು" ಎಂದ. ತಿರುಗಿಸುವ ಕೈ ಹದವಾಗಿತ್ತು. ಒಂದು ತುಂಡು ಬ್ರೆಡ್ಡನ್ನು ಚೀಸಿನಲ್ಲಿ ಅದ್ದಿ ಕೊಟ್ಟೆ. ಕಣ್ಣು ಮುಚ್ಚಿಕೊಂಡು ತಿಂದ. "ನಮ್ಮವ್ವಗ ಇಂಥಾದ್ದೆಲ್ಲ ಬರಂಗಿಲ್ಲ" ಎಂದ. ಕಳಿಸು, ಕಲಿಸುತ್ತೇನೆ ಎಂದೆ. ಹಾಗೆ ನಾನು ಯಾರಿಗೂ ಅನ್ನುವವಳಲ್ಲ.

ಕೊನೆಯ ತಟ್ಟೆಯನ್ನು ಒಯ್ಯಲು ಯಾರೂ ಬರಲಿಲ್ಲ. ಬ್ರೆಡ್ಡು ಮೆತ್ತಗಾಗುತ್ತದೆ ಎಂದು ಉರಿ ಆರಿಸಿ ನಾನೇ ಒಯ್ದೆ.

ಪಡಸಾಲೆಯಲ್ಲಿ ಬಾಳುವಿನ ಮಗಳು, ನನ್ನ ಮೊಮ್ಮಗಳು ಸಪ್ನಾ ಮಣೆಯ ಮೇಲೆ ಸೆರಗೊಡ್ಡಿ ಕುಳಿತಿದ್ದಳು. ಅವಳ ಉಡಿಗೆ ನಿಶ್ಚಯದ ಅಕ್ಕಿ, ಕೊಬ್ಬರಿ ಬಟ್ಟಲು ಹಾಕುತ್ತಿದ್ದವಳು ಸಾಸವಡದ ಸಾಬವ್ವ. ಪಕ್ಕದ ಕುರ್ಚಿಯಲ್ಲಿ ಅವಳ ಗಂಡ ಮುರುಗೆಪ್ಪ, ತೊಡೆಯ ಮೇಲೆ ನನ್ನ ಮನೆಯ ತಟ್ಟೆ, ಕೈಯಲ್ಲಿ ನಾನು ಹುರಿದ ಬ್ರೆಡ್ಡು. ಅವರ ಹಿಂದೆ ನಿಂತಿದ್ದ ಅಡಿಗೆಮನೆಯ ಹುಡುಗ. ಅವನೇ ರೋಹಿತ, ಅವರ ಕೊನೆಯ ಮಗ.

ಈ ಮುರುಗೆಪ್ಪ ಯಾರೆಂದು ನಿನಗೆ ಹೇಳಬೇಕಾಗಿರಲಿಲ್ಲ. ಆದರೂ ಹೇಳುತ್ತೇನೆ. ನನ್ನ ಮಗಳು ಹರಿಣಾಕ್ಷಿಯನ್ನು ಹಿರಿಮಗನಿಗೆ ಕೇಳಿ, ಇದೇ ಪಡಸಾಲೆಯಲ್ಲಿ ಉಡಿ ತುಂಬಿ, ನಮ್ಮ ಜನವೆಲ್ಲ ಉಂಡು ಹೋದ ಮೇಲೆ, ಹುಡುಗಿ ಕಪ್ಪು ಎಂದು ಆಳಿನ ಕೈಯಲ್ಲಿ ಹೇಳಿ ಕಳಿಸಿದವನು. ನಿನ್ನ ಭಾವ ಸಾಸವಡಕ್ಕೆ ಹೋಗಿ ಅವನ ಅಂಗಡಿಯಲ್ಲಿ ನಿಂತರು. ಅವನು ಬಟ್ಟೆ ಅಳೆಯುತ್ತಲೇ ಇದ್ದ. ಕೂಡ್ರಿ ಎನ್ನಲಿಲ್ಲ. ಊರೂರಿನ ವ್ಯಾಪಾರಿಗಳು ಕಂಡೊಡನೆ ಎದ್ದು ನಿಲ್ಲುತ್ತಿದ್ದಂಥ ಮನುಷ್ಯ ಅಲ್ಲಿ ಗಿರಾಕಿಗಳ ನಡುವೆ ನಿಂತು ನಿಂತು ಬಸ್ಸು ಹತ್ತಿ ಬಂದರು. ಆ ದಿನ ನಾನು ನಿನ್ನೆದುರಿಗೇ ಆಣೆ ಮಾಡಿದೆ, ನನ್ನ ಕೈಯಿಂದ ಆ ಮನೆಯವರಿಗೆ ಒಂದು ಲೋಟ ನೀರೂ ಹೋಗುವುದಿಲ್ಲ ಎಂದು. ಈ ಬೇಸಿಗೆಯಲ್ಲಿ ಬಾಳು ಈ ಸಂಬಂಧದ ಸುದ್ದಿ ತೆಗೆದಾಗ, ಹುಡುಗ ಹುಡುಗಿ ಒಂದೇ ಕಾಲೇಜಿನಲ್ಲಿ ಓದಿದವರು ಎಂದಾಗ, ಅದೇ ಮಾತು ಹೇಳಿ ಬಾಗಿಲು ಮುಚ್ಚಿದೆ. ಎಲ್ಲರೂ ಹೂಂ ಎಂದು ತಲೆ ಅಲ್ಲಾಡಿಸಿದಿರಿ.

ರವಿವಾರ ಅವರಿಗೆ ನೀರಲ್ಲ, ಬಿಸಿ ಬಿಸಿ ಚೀಸು ಕೊಟ್ಟೆ. ಕೇಳಿದಷ್ಟು ಸಲ ಕೊಟ್ಟೆ.

ನೀನು ಅಕ್ಕಿಯ ಬಟ್ಟಲು ಹಿಡಿದು, "ಬಾ ಅಕ್ಕಾ, ನೀನೂ ಒಂದು ಹಿಡಿ ಹಾಕು, ಹಿರಿಯಾಕಿ" ಎಂದೆ. ಆ ಕೊನೆಯ ಶಬ್ದಕ್ಕೆ ನಿನ್ನ ನಾಲಿಗೆ ತಡವರಿಸಲಿಲ್ಲ. ನಾನು ತಟ್ಟೆಯನ್ನು ಟೀಪಾಯಿಯ ಮೇಲಿಟ್ಟು, "ಆರೂದ್ರೊಳಗ ತಿನ್ರಿ" ಎಂದು ಒಳಗೆ ಬಂದೆ. ಬಂದವರ ಎದುರು ಬಾಯಿ ಮಾಡುವ ಮನೆತನ ನಮ್ಮದಲ್ಲ.

ಅಷ್ಟಾದರೂ ನಿನ್ನನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಬಾಳು ಮಾಡಿದ್ದು, ನಿನ್ನನ್ನೂ ಕಡೆಯ ಗಳಿಗೆಯಲ್ಲಿ ಎಳೆದಿರಬೇಕು ಎಂದುಕೊಂಡೆ. ಅಷ್ಟರಲ್ಲಿ ಮಾಯಾ ಬಂದು, ಉಳಿದ ಚೀಸಿನ ಪಾತೇಲಿಯನ್ನು ಬಿಸಿನೀರಿನ ಬೋಗುಣಿಯಲ್ಲಿ ಇಳಿಸಿ, ಮುಚ್ಚಳ ಹಾಕಿ ಹೊರಗೆ ಹೋದಳು. ನಾನು ನೋಡುತ್ತ ಕುಳಿತೆ. ಬಹಳ ಹೊತ್ತಿನ ಮೇಲೆ ಅವಳು ಬಂದು ತೆಗೆದರೆ ಚೀಸು ಮೊದಲಿನಂತೆಯೇ ನುಣ್ಣಗಿತ್ತು. ಒಂದು ಗಂಟೂ ಇರಲಿಲ್ಲ. ಇದನ್ನು ಯಾರೂ ನಿಂತು ತಿರುಗಿಸಬೇಕಿಲ್ಲವೇ ಎಂದು ಕೇಳಿದೆ. "ಇಲ್ರಿ ಅತ್ತಿ, ಹಿಂಗ ಇಟ್ರ ತಾಸುಗಟ್ಲೆ ಇರ್ತದ. ಸಣ್ಣ ಅತ್ತೀನ ತೋರಿಸಿದ್ರು, ಶನಿವಾರ..." ಎಂದವಳು ನಾಲಿಗೆ ಕಚ್ಚಿಕೊಂಡಳು.

ಶಿವಬಸವ್ವಾ, ನನ್ನ ಮಗ ಸುಳ್ಳು ಹೇಳಿದ. ಅವನು ಮಗಳ ತಂದೆ, ಮಗಳು ಅತ್ತಿರಬೇಕು. ಸೊಸೆ ಗಂಡ ಹೇಳಿದಂತೆ ಕೇಳಿದಳು. ಆದರೆ ನನ್ನನ್ನು ಎಲ್ಲಿ ನಿಲ್ಲಿಸಿದರೆ ನಾನು ಕದಲುವುದಿಲ್ಲ ಎಂದು ಗೊತ್ತಿದ್ದವಳು ನೀನೊಬ್ಬಳೇ. ಕೋಣೆಗೆ ಹಾಕಿ ಚಿಲಕ ಹಾಕಿದ್ದರೆ ಮುರಿದುಕೊಂಡು ಬರುತ್ತಿದ್ದೆ. ನೀನು ಹೊಗಳಿ ಒಲೆಯ ಮುಂದೆ ನಿಲ್ಲಿಸಿದೆ, ನಾನು ನಿಂತೆ.

ಸೋಮವಾರ ಗದಗಿಗೆ ಹರಿಣಾಕ್ಷಿಗೆ ಫೋನು ಮಾಡಿದೆ. ಅವಳಾದರೂ ನನ್ನ ಪಕ್ಕ ನಿಲ್ಲುತ್ತಾಳೆ ಎಂದು. ಅವಳಿಗೆ ದೀಪಾವಳಿಯಿಂದಲೇ ಗೊತ್ತಿತ್ತಂತೆ. "ಅವ್ವಾ, ಉಡಿ ತುಂಬಿಸಿಕೊಂಡಾಕಿ ನಾನು, ಬ್ಯಾಡ ಅನ್ನಿಸಿಕೊಂಡಾಕಿ ನಾನು. ನಾನ ಮರ್ತು ಎರಡು ಮಕ್ಕಳನ್ನ ಹಡದೀನಿ. ನೀ ಯಾಕ ಇನ್ನೂ ಹಿಡ್ಕೊಂಡು ಕುಂತಿ?" ಎಂದಳು. ನಾನು ಫೋನು ಇಟ್ಟೆ. ಮಾಯಾ ಕೇಳಿದ್ದಕ್ಕೆ ಲೈನು ಕಟ್ಟಾಯಿತು ಎಂದೆ.

ಅವಳು ಮರೆಯಬಹುದು. ಆ ಅಂಗಡಿಯಲ್ಲಿ ನಿಂತು ಬಂದ ನಿನ್ನ ಭಾವ ಮರೆಯದೆಯೇ ತೀರಿಹೋದರು. ಅವರ ಪಾಲಿನದನ್ನು ನೆನಪಿಟ್ಟುಕೊಳ್ಳಲು ನಾನೊಬ್ಬಳು ಉಳಿದಿದ್ದೆ. ಅದನ್ನು ನೀವು ಹಟ ಎಂದು ಕರೆದಿರಿ.

ಸಪ್ನಾಳ ಮೇಲೆ ನನಗೆ ಸಿಟ್ಟಿಲ್ಲ. ಹುಡುಗನ ಬಗ್ಗೆ ಏನೂ ಬರೆಯುವುದಿಲ್ಲ. ಉಡಿ ತುಂಬಿದ ಮೇಲೆ ಮುರಿಯುವ ಕೆಲಸ ಅವರು ಮಾಡಿದ್ದರು, ನಾನು ಮಾಡುವುದಿಲ್ಲ. ಸಂಕ್ರಮಣ ಮುಗಿದ ಮೇಲೆ ಮದುವೆ ಆಗಲಿ.

ನಿನ್ನ ಅಕ್ಕ,
ಕಾಶವ್ವ

ತಾ.ಕ.: ಬುಧವಾರ ಬರೆದ ಕಾಗದ ಶನಿವಾರ ಕಳಿಸುತ್ತಿದ್ದೇನೆ, ಒಂದು ಕೆಲಸ ಮುಗಿಯಬೇಕಿತ್ತು. ಲಗ್ನಪತ್ರಿಕೆಯ ತಲೆಗೆ ಮನೆಯ ಹಿರಿಯರ ಹೆಸರು ಹಾಕುವುದು ನಮ್ಮ ಪದ್ಧತಿ. ಬಾಳು ನನ್ನನ್ನು ಕೇಳದೆ ನನ್ನ ಹೆಸರು ಬರೆದುಕೊಟ್ಟಿದ್ದ. ಗುರುವಾರ ನಾನೇ ಪ್ರೆಸ್ಸಿಗೆ ಹೋಗಿ ಅದನ್ನು ಹೊಡೆದುಹಾಕಿ ನಿನ್ನ ಹೆಸರು ಬರೆದು ಬಂದೆ. ಮದುವೆಯ ಮನೆ ಎಂಬಲ್ಲಿ ದೇಹೂ ರೋಡಿನ ನಿನ್ನ ಕ್ವಾರ್ಟರ್ಸಿನ ವಿಳಾಸವಿದೆ. ಪತ್ರಿಕೆಗಳು ಅಚ್ಚಾಗಿ ಬಂದವು. ವಿಜಾಪುರ, ಗದಗ, ಸೊಲ್ಲಾಪುರ ಎಲ್ಲ ಕಡೆಗೂ ವಿಳಾಸ ನಾನೇ ಬರೆದೆ, ನಿನ್ನೆ ಟಪಾಲಿಗೆ ಹೋದವು. ಸಾಸವಡಕ್ಕೂ ಹೋಗಿದೆ. ಬೀಗರನ್ನು ಇಳಿಸಿಕೊಳ್ಳುವುದು, ಉಣ್ಣಿಸುವುದು, ಸಿಟ್ಟಾದವರನ್ನು ಸಮಾಧಾನ ಮಾಡುವುದು ಹಿರಿಯರ ಕೆಲಸ, ಇನ್ನು ನಿನ್ನದು. ಯಾರನ್ನು ಕರೆಯಬೇಕು, ಯಾರನ್ನು ಬಿಡಬೇಕು ಎಂಬುದೂ ನಿನ್ನದೇ. ನನ್ನ ವಿಳಾಸಕ್ಕೆ ಪತ್ರಿಕೆ ಹಾಕಿಲ್ಲ. ಅದನ್ನು ನೀನು ಯೋಚಿಸು.