ಎಡೆಯ ಮೇಲೆ ಪನೀರು

ಅಪ್ಪಯ್ಯಾ,

ನೀನು ಹೋದ ಮೇಲೆ ಇದು ಮೊದಲ ಹಿರಿಯರ ಹಬ್ಬ. ನಿಟ್ಟೂರಿನ ಮನೆಯಲ್ಲಿ ನಿನಗೆ ಎಡೆ ಇಟ್ಟೆವು. ಬಾಳೆ ಎಲೆಯ ಮೇಲೆ ಏನಿತ್ತು ಗೊತ್ತೇ? ಪನೀರು!

ನಾನು ಹಳ್ಳದ ಏಡಿ ತಂದು ಸಾರು ಮಾಡಿದ್ದೆ. ತಮ್ಮ ದುರ್ಗೇಶ ಈಗ ದೇವಸ್ಥಾನ ಸಮಿತಿಯ ಅಧ್ಯಕ್ಷ. ಸಮಿತಿಯವರನ್ನು ಊಟಕ್ಕೆ ಕರೆದಿದ್ದನಂತೆ. ಸಾರಿನ ಪಾತ್ರೆಯನ್ನು ಹಿತ್ತಿಲಿಗೆ ಹೊತ್ತೊಯ್ದು, ಎಡೆಗೆ ಪನೀರಿನ ಪಲ್ಯ ಬಡಿಸಿದ.

“ದೊಡ್ಡೋರು ಬರ್ತಾರೆ ಅಕ್ಕಾ. ಆ ವಾಸನೆ ಬ್ಯಾಡ.”

“ಎಡೆ ಅಪ್ಪಯ್ಯಂಗಾ, ನಿನ್ ಸಮಿತಿಗಾ?”

“ಸತ್ತೋರಿಗೆ ನಾಲಿಗೆ ಇರ್ತದ ಮಾರಾಯ್ತಿ?”

ನೀನು ಬಂದು ಉಣ್ಣಲೆಂದು ಪದ್ಧತಿಯಂತೆ ಬಾಗಿಲು ಮುಚ್ಚಿದೆವು. ತೆರೆದಾಗ ನಮ್ಮ ಬೆಕ್ಕು ಎಲೆಯನ್ನು ಮೂಸಿ ನೋಡಿ ಹಾಗೇ ಹೊರಟುಹೋಯಿತು. “ಅಪ್ಪಯ್ಯ ತೃಪ್ತಿಯಾಗಿ ಉಂಡ್ರು” ಎಂದು ದುರ್ಗೇಶ ಅಧ್ಯಕ್ಷರ ದನಿಯಲ್ಲಿ ಹೇಳಿದ. ಎಲ್ಲರೂ ಕೈಮುಗಿದರು.

ಸಂಜೆ ಹಿತ್ತಿಲಿಗೆ ಹೋದರೆ ಅವನೇ ಅಲ್ಲಿ ಕುಕ್ಕರುಗಾಲಲ್ಲಿ ಕೂತು ಏಡಿಯ ಕಾಲು ಚೀಪುತ್ತಿದ್ದ. “ಭಾರಿ ರುಚಿ ಆಗ್ಯದೆ, ಬಾರೇ” ಎಂದ.

ಆಸ್ಪತ್ರೆಯಲ್ಲಿ ನೀನು ಇದೇ ಸಾರು ಕೇಳಿದ್ದೆ. ಮನೆಗೆ ಹೋದ ಮೇಲೆ ಮಾಡಿಕೊಡುತ್ತೇನೆ ಎಂದು ನಾನು ಗಂಜಿಯ ಚಮಚ ಹಿಡಿದೆ. ನೀನು ಮುಖ ತಿರುಗಿಸಿದೆ.

ಈಗ ಹಾಗೆ ಮುಖ ತಿರುಗಿಸಲೂ ನಿನ್ನಿಂದ ಆಗುವುದಿಲ್ಲವಲ್ಲ, ಅಪ್ಪಯ್ಯ.