ಮೊದಲ ಕೊಡದ ನೀರು

೨೧-೪-೧೯೯೮, ಮಂಗಳವಾರ

ಚಳ್ಳಕೆರೆಯ ಫಿಟ್ಟರ್ ಸಂಗಮೇಶನ ನಗು ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ನಮ್ಮೂರ ಪಂಪ್‌ಹೌಸಿನ ಮೋಟಾರ್ ಸುಟ್ಟು ಐದು ದಿನವಾಗಿತ್ತು. ಚಳ್ಳಕೆರೆಯ ನೀರು ಸರಬರಾಜಿನವರು ತಮ್ಮ ಹೆಚ್ಚುವರಿ ಮೋಟಾರ್ ಕಳಿಸಿದರು, ಜೊತೆಗೆ ಅವನನ್ನೂ. ಅವನೂ ನಾನೂ ಸೇರಿ ಅದನ್ನು ಬಾವಿಗಿಳಿಸಿದೆವು; ಹಗ್ಗ ಹಿಡಿದು ಅಂಗೈ ಕಿತ್ತುಹೋದದ್ದು ನನ್ನದು.

ನಿಂತ ನೀರು ಮತ್ತೆ ಬಂದಾಗ ಮೊದಲ ಕೊಡವನ್ನು ನೀರು ತಂದವನ ಕಾಲಿಗೆ ಸುರಿಯುವುದು ನಮ್ಮೂರ ಪದ್ಧತಿ. ಹನ್ನೊಂದು ವರ್ಷದಿಂದ ಊರಿಗೆ ನೀರು ಬಿಡುವ ನನಗೆ ಅದು ಒಮ್ಮೆಯೂ ಸಿಕ್ಕಿಲ್ಲ. ಇವತ್ತು ಅವ್ವನೇ ಕೊಡ ಎತ್ತಿಕೊಂಡು ಬಂದಳು. ನಾನು ಚಪ್ಪಲಿ ಬಿಟ್ಟು ನಿಂತೆ. ಅವಳು ನನ್ನನ್ನು ದಾಟಿ ಹೋಗಿ ಸಂಗಮೇಶನ ಕಾಲಿಗೆ ಸುರಿದಳು. ಅವನು ನಕ್ಕ.

"ನಿನ್ ಹೊಟ್ಟೆ ತಣ್ಣಗಿರ್ಲಪ್ಪ. ನನ್ ಮಗನ್ ಕೈಲಿ ಆಗ್ಲಿಲ್ಲ."

ದೇವರೇ, ಚಳ್ಳಕೆರೆಯ ಮೋಟಾರೂ ಒಂದು ಸಲ ಸುಟ್ಟುಹೋಗಲಿ. ಆಗ ನಮ್ಮದನ್ನು ರಿಪೇರಿ ಮಾಡಿಸಿ ಹೊತ್ತುಕೊಂಡು ನಾನೇ ಹೋಗುತ್ತೇನೆ. ಅವನಿಗೂ ಅವ್ವ ಇದ್ದಾಳೋ ಇಲ್ಲವೋ, ಕೇಳಬೇಕಿತ್ತು.