ಆರು ವರ್ಷದ ಮಾತು

ಬರ್ಚ್ ಕೊಲ್ಲಿ, ಉತ್ತರ ಮ್ಯಾನಿಟೋಬಾ
ಸೆಪ್ಟೆಂಬರ್ ೧೮, ೨೦೧೨

ಪ್ರೀತಿಯ ಮಗಳು ಡೋರೀನ್‌ಗೆ,

ಹೇಗಿದ್ದೀಯ? ಬೆನ್ನುನೋವು ಇಳಿಯಿತೇ? ಮಗುವಿಗೆ ಹಲ್ಲು ಬರುತ್ತಿದೆ, ರಾತ್ರಿಯೆಲ್ಲ ರಚ್ಚೆ ಹಿಡಿಯುತ್ತಾಳೆ ಎಂದಿದ್ದೆ. ಅಂಗಡಿಯ ಆ ರಬ್ಬರಿನ ಉಂಗುರವನ್ನು ಮೊದಲು ತಣ್ಣೀರಿನಲ್ಲಿಟ್ಟು ಆಮೇಲೆ ಕೊಡು, ವಸಡಿಗೆ ಹಿತವಾಗುತ್ತದೆ. ನಾನು ಚೆನ್ನಾಗಿದ್ದೇನೆ. ಮಂಡಿಯೊಂದು ಬಿಟ್ಟರೆ ಉಳಿದ ಅಂಗಾಂಗಗಳೆಲ್ಲ ನಾನು ಹೇಳಿದಂತೆ ಕೇಳುತ್ತವೆ. ಇಲ್ಲಿ ಬೆಳಗಿನ ಹೊತ್ತು ದೋಣಿಗಳ ಮೇಲೆ ಇಬ್ಬನಿ ಗಟ್ಟಿಯಾಗುತ್ತಿದೆ, ಬಾತುಗಳು ದಕ್ಷಿಣಕ್ಕೆ ಹೊರಟಿವೆ. ನಿನ್ನ ದೊಡ್ಡಪ್ಪನ ಮಗ ಹೊರೇಸ್ ಮೊನ್ನೆ ಒಂದು ಮೂಟೆ ಬಾತು ತಂದು ನಮ್ಮ ಬಾಗಿಲಲ್ಲಿ ಸುರಿದು, ಹಲ್ಲು ಕಿರಿದು ಹೋದ. ಪುಕ್ಕ ಕೀಳುವ ಕೆಲಸ ಬಂದಾಗ ಮಾತ್ರ ಅವನಿಗೆ ಚಿಕ್ಕಮ್ಮನ ನೆನಪಾಗುತ್ತದೆ. ಇನ್ನೊಂದು ಮಾತು, ಮರೆಯುವ ಮೊದಲೇ ಹೇಳಿಬಿಡುತ್ತೇನೆ. ಫೋನಿನಲ್ಲಿ ನೀನು ಮಗುವನ್ನು ‘ನಿಪಿ, ನಿಪಿ’ ಎಂದು ಕರೆಯುತ್ತೀಯ. ನಮ್ಮ ಕ್ರೀ ಭಾಷೆಯಲ್ಲಿ ನಿಪಿ ಎಂದರೆ ನೀರು ಮಾರಾಯ್ತಿ! ಎಲೆ ಎಂದರೆ ನೀಪಿ. ಎಳೆದು ಹೇಳು. ಪುಸ್ತಕ ನೋಡಿ ಹೆಸರಿಟ್ಟವಳು ನೀನು, ತಪ್ಪು ನಿನ್ನದಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನವೆಂಬರಿಗೆ ನಿನ್ನ ಹೆರಿಗೆ ರಜೆ ಮುಗಿಯುತ್ತದೆ, ವಿನ್ನಿಪೆಗ್‌ಗೆ ಬಂದು ನಮ್ಮ ಜೊತೆಗಿರು, ಮಗುವಿನ ಹತ್ತಿರ ಬರೀ ಕ್ರೀ ಭಾಷೆಯಲ್ಲಿ ಮಾತಾಡು ಎಂದು ನೀನು ಕೇಳಿದೆ. ನಾನು ಮಂಡಿನೋವು ಎಂದೆ. ಮತ್ತೆ ಕೇಳಿದೆ. ನಾಯಿಯನ್ನು ಯಾರು ನೋಡಿಕೊಳ್ಳುತ್ತಾರೆ ಎಂದೆ. ಕೊನೆಗೆ ನೀನು, ‘ನಂಗಂತೂ ಒಂದು ಮಾತೂ ಕಲಿಸ್ಲಿಲ್ಲ. ಅವಳಿಗಾದ್ರೂ ಕಲ್ಸು ಅಂದ್ರೆ ನಾಯಿ ಅಂತೀಯ. ನಾವು ನಿಂಗೆ ಅಷ್ಟು ಬೇಡವಾದ್ವಾ ಅಮ್ಮಾ?’ ಎಂದು ಫೋನಿಟ್ಟೆ. ಫೋನಿನಲ್ಲಿ ಹೇಳೋಣವೆಂದರೆ ನಾನು ಬಾಯಿ ತೆರೆಯುವ ಮೊದಲೇ ನೀನು ಅಳುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಶಾಲೆಯಲ್ಲಿದ್ದಾಗ ಬೋರ್ಡಿನ ಮೇಲೆ ಬರೆದುಕೊಟ್ಟದ್ದನ್ನೇ ನಾವೆಲ್ಲ ಮನೆಗೆ ಪತ್ರವೆಂದು ಬರೆಯುತ್ತಿದ್ದೆವು: ನಾನು ಸುಖವಾಗಿದ್ದೇನೆ, ಊಟ ಚೆನ್ನಾಗಿದೆ. ಓದು ಬಾರದ ನನ್ನ ಅಜ್ಜಿ ಅದನ್ನು ಪಾದ್ರಿಯಿಂದ ಓದಿಸಿ ಕೇಳುತ್ತಿದ್ದಳಂತೆ. ಇದು ಹಾಗಲ್ಲ, ಇದರಲ್ಲಿರುವುದೆಲ್ಲ ನನ್ನ ಮಾತೇ. ಸ್ವಲ್ಪ ಉದ್ದವಾದರೆ ಸಹಿಸಿಕೋ.

ನಿನ್ನ ಅಮ್ಮನಿಗೆ ಕ್ರೀ ಚೆನ್ನಾಗಿ ಬರುತ್ತದೆ ಎಂದು ನೀನು ತಿಳಿದಿದ್ದೀಯ. ಊರಿನವರು ಮಾತಾಡಿದ್ದೆಲ್ಲ ನನಗೆ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಕೊಡುತ್ತೇನೆ. ಪಟ್ಟಣದಲ್ಲಿದ್ದು ಬಂದವಳಿಗೆ ಜಂಬ ಎಂದು ಹಿಂದಿನಿಂದ ಆಡಿಕೊಳ್ಳುವುದೂ ಗೊತ್ತು. ಜಂಬವಲ್ಲ ಮಗಳೇ. ಕೆರೆಯ ಮೇಲೆ ಇಳಿದ ವಿಮಾನ ನನ್ನನ್ನು ಸರ್ಕಾರದ ವಸತಿ ಶಾಲೆಗೆಂದು ಎತ್ತಿಕೊಂಡು ಹೋದಾಗ ನನಗೆ ಆರು ವರ್ಷ. ತಾಯಿ ತೀರಿಕೊಂಡಿದ್ದಳು, ಸಾಕಿದವಳು ಅಜ್ಜಿ. ಬೇಸಿಗೆ ರಜೆಗೆ ಬಂದು ಕರೆದೊಯ್ಯುವ ಶಕ್ತಿ ಆಕೆಗಿರಲಿಲ್ಲ. ಹದಿನಾರಕ್ಕೆ ಹೊರಬಿದ್ದಾಗ ಆಕೆಯೇ ಇರಲಿಲ್ಲ. ಅಲ್ಲಿ ಕ್ರೀ ಮಾತಾಡಿದ್ದಕ್ಕೆ ಏನೇನು ಮಾಡಿದರು ಎಂಬುದನ್ನು, ಆ ಶಾಲೆಗಳ ವಿಚಾರಣೆಗೆ ಬಂದ ಆಯೋಗದವರ ಮುಂದೆ ನಾನು ಹೇಳಿದಾಗ ನೀನು ಪಕ್ಕದಲ್ಲೇ ಕುಳಿತು ಕೇಳಿದ್ದೀಯ. ಇದನ್ನು ಮಾತ್ರ ಅಲ್ಲಿ ಹೇಳಲಿಲ್ಲ, ನಾಚಿಕೆಯಾಯಿತು. ನನ್ನ ನಾಲಿಗೆಯ ಮೇಲಿನ ಕ್ರೀ ಆ ವಿಮಾನ ಹತ್ತಿದ ದಿನಕ್ಕೇ ನಿಂತುಹೋಗಿದೆ. ಎಪ್ಪತ್ತು ಸಮೀಪಿಸಿದ ಮುದುಕಿ ನಾನು, ಬಾಯಿ ತೆರೆದರೆ ಹೊರಬರುವುದು ಆರು ವರ್ಷದ ಹುಡುಗಿ.

ಜನವರಿಯಲ್ಲಿ ನಿನ್ನ ದೊಡ್ಡಪ್ಪ ಸಾಲೊಮನ್ ತೀರಿಕೊಂಡಾಗ ನೀನು ಹಸಿ ಬಾಣಂತಿ, ಬರಲಾಗಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ಊಟಕ್ಕೆ ಮೊದಲು, ಮನೆಯ ಹಿರಿಯರಲ್ಲೊಬ್ಬಳೆಂದು ನನ್ನನ್ನೂ ಎಬ್ಬಿಸಿ ನಾಲ್ಕು ಮಾತು ಕ್ರೀಯಲ್ಲಿ ಹೇಳು ಎಂದರು. ಸಾಲೊಮನ್‌ಗೆ ಇಂಗ್ಲಿಷಿನಲ್ಲಿ ವಿದಾಯ ಹೇಳಲು ಮನಸ್ಸು ಬರಲಿಲ್ಲ. ಧೈರ್ಯ ಮಾಡಿ ನಿಂತು ಹೇಳಿದೆ: ‘ಸಾಲೊಮನ್ ತಾಚಿ ಮಾಡಿದ. ಅವನಿಗೆ ನೋವಾಗಿತ್ತು, ಈಗ ಹೋಯ್ತು. ಎಲ್ಲಾರೂ ಮಮ್ಮು ತಿನ್ನಿ. ಅಳ್ಬೇಡಿ, ಅತ್ರೆ ಗುಮ್ಮ ಬರುತ್ತೆ.’ ಹಿಂದಿನ ಸಾಲಿನ ಮುದುಕಿಯರು ಕಿಸಕ್ಕನೆ ನಕ್ಕರು, ನೋಡನೋಡುತ್ತ ಇಡೀ ಹಾಲ್ ನಕ್ಕಿತು. ನಾನು ಕೋಟು ಹಾಕಿಕೊಂಡು ಊಟ ಮಾಡದೆ ಮನೆಗೆ ಬಂದೆ. ಇನ್ನು ಆ ಭಾಷೆಯಲ್ಲಿ ಬಾಯಿ ತೆರೆಯುವುದಿಲ್ಲ ಎಂದು ನಿಶ್ಚಯಿಸಿದೆ. ಅದರ ಮೇಲೆ ನೀನು ಮಗುವಿಗೆ ಕಲಿಸು ಎಂದೆ. ಏನೆಂದು ಬರಲಿ ಹೇಳು?

ಮೊನ್ನೆ ಬಾತಿನ ಪುಕ್ಕ ಕೀಳಲು ಫಿಲೊಮೆನ ಅತ್ತೆ ಬಂದಳು. ನಿನ್ನ ಅಪ್ಪನ ಸೋದರತ್ತೆಯನ್ನು ಮರೆತಿಲ್ಲ ತಾನೇ? ವಿಮಾನದ ಸದ್ದು ಕೇಳಿದಾಗಲೆಲ್ಲ ಅವಳ ಅಪ್ಪ ಅವಳನ್ನು ಕಾಡಿನ ಬೇಟೆಯ ಬಿಡಾರಕ್ಕೆ ಅಟ್ಟುತ್ತಿದ್ದನಂತೆ, ಹಾಗಾಗಿ ಶಾಲೆಯ ಮೆಟ್ಟಿಲು ಹತ್ತದೆ ಉಳಿದವಳು. ಕೈಗಿಂತ ಬಾಯಿ ಜೋರು. ಅವಳು ಕ್ರೀಯಲ್ಲಿ ಕೇಳುತ್ತ ಹೋದಳು, ನಾನು ಇಂಗ್ಲಿಷಿನಲ್ಲಿ ಹೂಂಗುಟ್ಟುತ್ತ ಹೋದೆ. ಕೊನೆಗೆ ಕೈಯಲ್ಲಿದ್ದ ಬಾತನ್ನು ತೊಡೆಯ ಮೇಲಿಟ್ಟು, ‘ಎಷ್ಟು ದಿನ ಮುನಿಸ್ಕೊಂಡಿರ್ತೀಯೇ ಡೆಲ್ಫೀನ್? ನಿನ್ ಮಂಡಿಗೆ ನೂರು, ಬಾಯಿಗೆ ಆರು. ಏನೀಗ?’ ಎಂದಳು. ನನಗೆ ರೇಗಿತು. ಸತ್ತ ಮನೆಯಲ್ಲಿ ನಕ್ಕಿರಲ್ಲ, ನಿಮಗೇ ನಾಚಿಕೆಯಾಗಬೇಕು ಎಂದೆ. ಆಗ ಅವಳು, ‘ನಿನ್ ನೋಡಿ ನಗ್ಲಿಲ್ಲ ಕಣೇ. ತಾಚೀ ಅಂತ ಹಂಗೆ ಎಳ್ದು, ಕೊನೇಲಿ ಮೂಗಿಂದ ಹೇಳ್ತಿದ್ದೋಳು ಈ ಊರಲ್ಲಿ ಒಬ್ಳೇ, ನಿಮ್ಮಜ್ಜಿ. ಅವಳು ಸತ್ತು ಅರವತ್ತು ವರ್ಷ ಆಯ್ತು. ನೀನು ಬಾಯ್ ಬಿಟ್ರೆ ಅವ್ಳೇ ಎದ್ದು ಬಂದಂಗಾಯ್ತು ನಮ್ಗೆ. ನಕ್ಕಿದ್ದಷ್ಟೇ ನೀನು ನೋಡಿದ್ದು. ನೀನು ಎದ್ದು ಹೋದ್ಮೇಲೆ ನಾವು ಅತ್ತಿದ್ದು ನೋಡ್ಲಿಲ್ಲ’ ಎಂದಳು.

ಡೋರೀನ್, ಅಜ್ಜಿಯ ಒಂದು ಫೋಟೋವೂ ನನ್ನ ಹತ್ತಿರ ಇಲ್ಲ. ಅವಳು ಹೊಲಿದು ಹಾಕಿಕೊಟ್ಟ ಚರ್ಮದ ಮೆಟ್ಟನ್ನು ಶಾಲೆ ಸೇರಿದ ದಿನವೇ ಒಲೆಗೆ ಹಾಕಿದರು. ಆಕೆ ಸತ್ತದ್ದನ್ನು ಸಿಸ್ಟರ್ ಒಬ್ಬಳು ಮುಖ ತೊಳೆಯುವ ಸಾಲಿನಲ್ಲಿ ನಿಂತಿದ್ದಾಗ ಹೇಳಿ ಮುಂದೆ ಹೋದಳು. ಆಕೆಯದೇನೂ ಉಳಿದಿಲ್ಲವೆಂದು ಇಷ್ಟು ವರ್ಷ ಅಂದುಕೊಂಡಿದ್ದೆನಲ್ಲ, ಪುಕ್ಕದ ರಾಶಿಯ ನಡುವೆ ಕುಳಿತು ಗೋಳೋ ಎಂದು ಅತ್ತೆ. ಅತ್ತೆಯೂ ಅತ್ತಳು, ಮೂಗಿಗೆ ಪುಕ್ಕ ಅಂಟಿಸಿಕೊಂಡು. ನೀನು ಹುಟ್ಟಿದ ದಿನ ನಿನ್ನನ್ನು ಎತ್ತಿಕೊಂಡಾಗ ಅಜ್ಜಿಯ ಆ ತಾಚಿ ಎಂಬ ಮಾತು ನನ್ನ ಬಾಯಿಗೆ ತಾನಾಗಿಯೇ ಬಂದಿತ್ತು. ಬಂದ ಕೂಡಲೇ, ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ತಿರುಗಿ ನೋಡಿದೆ. ಆಸ್ಪತ್ರೆಯ ಆ ಕೋಣೆಯಲ್ಲಿ ಯಾರೂ ಇರಲಿಲ್ಲ. ಆದರೂ ಬಾಯಿ ಮುಚ್ಚಿಕೊಂಡೆ, ನಿನಗೆ ಎಲ್ಲವೂ ಇಂಗ್ಲಿಷಿನಲ್ಲೇ ಆಯಿತು. ನೀನು ಬೇಡವಾಗಿದ್ದಕ್ಕಲ್ಲ ಕಂದಾ, ಇದೊಂದನ್ನು ನಂಬು.

ಹಾಗಾಗಿ ಬರುತ್ತೇನೆ. ಹತ್ತು ತಿಂಗಳ ಕೂಸಿಗೆ ಬೇಕಾದದ್ದು ಮಮ್ಮು, ತಾಚಿ, ಗುಮ್ಮ, ಅಷ್ಟೇ ತಾನೇ? ಅದರಲ್ಲಿ ನನ್ನನ್ನು ಮೀರಿಸುವವರು ಯಾರಿದ್ದಾರೆ! ಅಕ್ಟೋಬರ್ ಕೊನೆಗೆ ಹೊರೇಸ್ ನನ್ನನ್ನು ಥಾಂಪ್ಸನ್ ಪಟ್ಟಣದ‌ವರೆಗೆ ಗಾಡಿಯಲ್ಲಿ ಬಿಡುತ್ತಾನೆ, ಅಲ್ಲಿಂದ ಬಸ್ಸು. ನಾಯಿಯೂ ಅವನ ಪಾಲಿಗೇ, ಬಾತು ಸುರಿದು ಹೋದದ್ದಕ್ಕೆ ಅದೇ ಶಿಕ್ಷೆ. ಹೊಗೆ ಹಾಕಿದ ಮೀನು ತರುತ್ತೇನೆ. ವಾಸನೆ ಎಂದು ಮುಖ ಸಿಂಡರಿಸಬೇಡ ಎಂದು ಅಳಿಯ ಕರ್ಟಿಸ್‌ಗೆ ಈಗಲೇ ಹೇಳಿಡು. ಅವನಿಗೆ ನನ್ನ ನೆನಕೆಗಳು. ಮಗುವಿನ ಎರಡು ಕೆನ್ನೆಗೂ ನನ್ನ ಮುತ್ತು. ಸೃಷ್ಟಿಕರ್ತ ನಿಮ್ಮ ಮನೆಯನ್ನು ಬೆಚ್ಚಗಿಡಲಿ.

ನಿನ್ನ ಅಮ್ಮ,
ಡೆಲ್ಫೀನ್

ತಾ.ಕ.: ಹೊರೇಸ್ ಅಂಚೆಗೆ ಕೊಡಲು ಬಾಗಿಲಲ್ಲಿ ನಿಂತಿದ್ದಾನೆ, ಮುಖ್ಯವಾದದ್ದೇ ಬಿಟ್ಟುಹೋಗಿದೆ. ನನ್ನಲ್ಲಿರುವುದು ಆರು ವರ್ಷಕ್ಕಾಗುವಷ್ಟು ಮಾತು ಮಾತ್ರ. ಏಳಕ್ಕೆ ಕಾಲಿಟ್ಟ ಹುಡುಗಿಗೆ ಮನೆಯಲ್ಲಿ ಏನು ಹೇಳುತ್ತಾರೋ ನನಗೆ ಗೊತ್ತಿಲ್ಲ, ನನಗೆ ಯಾರೂ ಹೇಳಲಿಲ್ಲ. ಅತ್ತೆಯನ್ನು ಕೇಳಿದೆ. ‘ಅದು ಬಾಯಿಪಾಠ ಹೇಳ್ಕೊಡೋ ಮಾತಲ್ಲ, ಮಗಳನ್ನೂ ಮೊಮ್ಮಗಳನ್ನೂ ಕರ್ಕೊಂಡ್ ಬಾ. ಮೂರು ಜನಾನೂ ಕೂತ್ಕೊಳ್ಳಿ, ಹೇಳ್ತೀನಿ’ ಎಂದಳು. ಆಕೆಗೆ ಎಂಬತ್ತೊಂಬತ್ತು. ಮಗುವಿಗೆ ಏಳಾಗುವವರೆಗೆ ಕಾಯಬೇಡ. ಬರುವ ಬೇಸಿಗೆಗೇ ಬಾ.